“ಊಟ ಐತೇನ್ರಿ?” – ಖಾನಾವಳಿಯ ವೆಬ್‌ಸೈಟ್ ಮತ್ತು ಇಬ್ಬರು ಗಿರಾಕಿಗಳು

ಮಧ್ಯಾಹ್ನ ಎರಡೂವರೆ ಗಂಟೆ. ಗೋಲಗುಮ್ಮಟ ಹತ್ತಿ ಇಳಿದ ನಾಲ್ವರು ಗೇಟಿನ ಹೊರಗೆ ನೆರಳು ಹುಡುಕಿ ನಿಂತಿದ್ದಾರೆ. ಒಬ್ಬ ಫೋನ್ ತೆಗೆದು ಹತ್ತಿರದ ಖಾನಾವಳಿ ಹುಡುಕುತ್ತಾನೆ. ಅವನಿಗೆ ಬೇಕಾದದ್ದು ನಾಲ್ಕೇ ಮಾತು: ಈಗ ಊಟ ಐತೇನು, ಏನೇನೈತಿ, ಎಷ್ಟಕ್ಕ, ಎಲ್ಲಿ ಬರ್ತೈತಿ. ಅದೇ ಹೊತ್ತಿಗೆ ಊರಿನ ಇನ್ನೊಂದು ಮೂಲೆಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಗುಮಾಸ್ತರು ಶನಿವಾರದ ಸಭೆಗೆ ಅರವತ್ತು ಊಟ ಹೇಳಬೇಕಾಗಿದೆ. ಸಾಹೇಬರ ಮುಂದಿಡಲು ದರಪಟ್ಟಿಯ ಪ್ರಿಂಟ್ ಬೇಕು, ಜಿಎಸ್‌ಟಿ ಬಿಲ್ ಕೊಡುತ್ತಾರೋ ಇಲ್ಲವೋ ತಿಳಿಯಬೇಕು, ಊಟ ತಂದು ಬಡಿಸುತ್ತಾರೋ ಇಳಿಸಿ ಹೋಗುತ್ತಾರೋ ಕೇಳಬೇಕು.

ಇಬ್ಬರೂ ತೆರೆಯುವುದು ಒಂದೇ ವೆಬ್‌ಸೈಟ್. ‘ರೆಸ್ಪಾನ್ಸಿವ್’ ಎಂದರೆ ಪರದೆಗೆ ತಕ್ಕಂತೆ ಪುಟ ಹಿಗ್ಗಿ ಕುಗ್ಗುವುದು ಎಂದು ತಿಳಿದವರೇ ಹೆಚ್ಚು. ಅಷ್ಟು ಕೆಲಸವನ್ನು ಯಾವ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಆದರೂ ಮಾಡುತ್ತದೆ. ನಿಂತು ಕೇಳುವವನಿಗೂ ಕೂತು ಕೇಳುವವನಿಗೂ ಒಂದೇ ಗಲ್ಲಾದಿಂದ ಬೇರೆ ಬೇರೆ ಉತ್ತರ ಕೊಡುವುದು ಥೀಮಿಗೆ ಬಾರದ ಕೆಲಸ, ಅದನ್ನು ಸೈಟ್ ಮಾಡುವವರೇ ಮಾಡಬೇಕು.

ಮೊದಲು ಫೋನಿನವನನ್ನು ನೋಡೋಣ, ಹಸಿದವನು ಅವನು. ಸಾಧಾರಣ ಆಂಡ್ರಾಯ್ಡ್ ಫೋನಿನ ಪರದೆ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ಲೆಕ್ಕದಲ್ಲಿ ಸುಮಾರು 360 ಪಿಕ್ಸೆಲ್ ಅಗಲ. ಬ್ರೌಸರಿನ ಪಟ್ಟಿ ಕಳೆದರೆ ಮೊದಲ ನೋಟಕ್ಕೆ ಸಿಗುವ ಎತ್ತರ 600ರ ಆಚೀಚೆ. ಅಷ್ಟರಲ್ಲೇ ಹೆಸರು, “ಈಗ ತೆರೆದಿದೆ, 3.30ರ ತನಕ ಊಟ”, ಒಂದು ಊಟದ ದರ, ಹೆಗ್ಗುರುತು ಸಹಿತ ವಿಳಾಸ ಬರಬೇಕು. ಬಹಳ ಸೈಟ್‌ಗಳಲ್ಲಿ ಈ ಜಾಗವನ್ನು ತಾನಾಗಿ ಸರಿಯುವ ಫೋಟೊಗಳ ಸ್ಲೈಡರ್ ನುಂಗಿರುತ್ತದೆ. ಅದರ ಕೆಳಗೆ “1656ರಲ್ಲಿ ಪೂರ್ಣಗೊಂಡ ವಿಶ್ವವಿಖ್ಯಾತ ಗೋಲಗುಮ್ಮಟದ ನಾಡಿನಲ್ಲಿ…” ಎಂದು ಶುರುವಾಗುವ ಇತಿಹಾಸ. ಗುಮ್ಮಟ ನೋಡಿಯೇ ಬಂದವನಿಗೆ ಮತ್ತೆ ಗುಮ್ಮಟ ಯಾಕೆ? ಅವನಿಗೆ ರೊಟ್ಟಿ ತೋರಿಸಿ.

ಹಳೆಯ ಸೈಟ್ ರಿಪೇರಿಗೆ ಬಂದರೆ ಮೊದಲು ನೋಡಬೇಕಾದದ್ದು ವ್ಯೂಪೋರ್ಟ್ ಮೆಟಾ ಟ್ಯಾಗ್, ಪರದೆಯ ನಿಜವಾದ ಅಗಲಕ್ಕೇ ಪುಟ ಜೋಡಿಸು ಎಂದು ಫೋನಿಗೆ ಹೇಳುವ ಸಾಲು. ಅದಿಲ್ಲದಿದ್ದರೆ ಫೋನು ತನ್ನ ಪರದೆ 980 ಪಿಕ್ಸೆಲ್ ಅಗಲವಿದೆ ಎಂದುಕೊಂಡು ಪುಟ ಜೋಡಿಸಿ, ಆಮೇಲೆ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ, ಅಕ್ಷರ ಸಾಸಿವೆಯಷ್ಟಾಗುತ್ತದೆ. ಟ್ಯಾಗ್ ಇದ್ದರೂ ಅದರೊಳಗೆ ಹಿಗ್ಗಿಸುವುದನ್ನು ತಡೆಯುವ ಮಾತೊಂದು ಎಲ್ಲಿಂದಲೋ ನಕಲಾಗಿ ಬಂದಿರುತ್ತದೆ. ಅದನ್ನು ಕಿತ್ತುಹಾಕಿ. ಚಾಳೀಸು ಮನೆಯಲ್ಲೇ ಬಿಟ್ಟು ಬಂದ ಹಿರಿಯರು ಬೆರಳಿಂದ ಹಿಗ್ಗಿಸಿಯೇ ಓದುತ್ತಾರೆ. ಸಿಎಸ್‌ಎಸ್ ಅನ್ನು ಚಿಕ್ಕ ಪರದೆಗೆ ಮೊದಲು ಬರೆದು, 768 ಮತ್ತು 1100 ಪಿಕ್ಸೆಲ್ ದಾಟಿದ ಮೇಲೆ ಬೇಕಾದದ್ದನ್ನು ಸೇರಿಸುತ್ತ ಹೋಗುವುದು ಒಳ್ಳೆಯದು. ದೊಡ್ಡದಕ್ಕೆ ಬರೆದು ಚಿಕ್ಕದಕ್ಕೆ ಕತ್ತರಿಸುತ್ತ ಬಂದರೆ ಎಲ್ಲೋ ಒಂದು ಟೇಬಲ್, ಇಲ್ಲವೇ 600 ಪಿಕ್ಸೆಲ್ ಎಂದು ಗಟ್ಟಿ ಮಾಡಿದ ಫೋಟೊ ಉಳಿದು ಪುಟ ಅಡ್ಡಡ್ಡ ಜಾರತೊಡಗುತ್ತದೆ. ಬ್ರೌಸರಿನ ಡೆವಲಪರ್ ಪರಿಕರದಲ್ಲಿ ಅಗಲವನ್ನು 320ಕ್ಕೆ ಇಳಿಸಿ ನೋಡಿದರೆ ಕಳ್ಳ ಅಲ್ಲೇ ಸಿಗುತ್ತಾನೆ.

ಪರದೆಯ ತಳದಲ್ಲಿ ಅಂಟಿಕೊಂಡಿರುವ ಪಟ್ಟಿಯಲ್ಲಿ ಮೂರು ಬಟನ್ ಸಾಕು: ಫೋನ್, ದಾರಿ, ಊಟದ ಪಟ್ಟಿ. ಎತ್ತರ 48 ಪಿಕ್ಸೆಲಿಗಿಂತ ಕಡಿಮೆ ಬೇಡ. ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದವರ ಹೆಬ್ಬೆರಳಿಗೆ ಅಷ್ಟು ಬೇಕೇ ಬೇಕು. ಪಟ್ಟಿ ಹಾಕಿದ ಮೇಲೆ ಪುಟದ ತಳಕ್ಕೆ ಅದರಷ್ಟೇ ಖಾಲಿ ಜಾಗ ಬಿಡಲು ಮರೆತರೆ ವಿಳಾಸದ ಕೊನೆಯ ಸಾಲು ಅದರ ಹಿಂದೆ ಅಡಗಿ ಕೂರುತ್ತದೆ. ಫೋನ್ ನಂಬರನ್ನು ಚಿತ್ರದಲ್ಲಿ ಬರೆಯಬೇಡಿ, ಒತ್ತಿದರೆ ಕರೆ ಹೋಗುವ ಟೆಲ್ ಲಿಂಕ್ ಮಾಡಿ. ಲ್ಯಾಂಡ್‌ಲೈನ್ ಇದ್ದರೆ ವಿಜಯಪುರದ 08352, ಬಾಗಲಕೋಟೆಯ 08354, ಬೆಳಗಾವಿಯ 0831ರ ಮುಂದಿನ ಸೊನ್ನೆ ತೆಗೆದು +91 ಹಚ್ಚಬೇಕು. ಎರಡನ್ನೂ ಇಟ್ಟರೆ ಕರೆ ಹೋಗುವುದಿಲ್ಲ. ವಾಟ್ಸಾಪ್ ಲಿಂಕಿನಲ್ಲಿ ಪ್ಲಸ್ ಚಿಹ್ನೆಯೂ ಇರಬಾರದು, 91ರಿಂದ ನೇರ ಶುರು. ಆ ಲಿಂಕಿನಲ್ಲೇ “ಇವತ್ತ ಸಂಜಿ 7ಕ್ಕ, ಕಟಕ ರೊಟ್ಟಿ 20” ಎಂಬ ಮಾದರಿ ಸಂದೇಶ ತುಂಬಿಡಬಹುದು. ಕನ್ನಡ ಪಠ್ಯವನ್ನು ಹಾಗೇ ತುರುಕದೆ ಎನ್‌ಕೋಡ್ ಮಾಡಿಯೇ, ಅಂದರೆ ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬದಲಿಸಿಯೇ ಹಾಕಬೇಕು. ಯೂನಿಕೋಡಿನ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಲಿಂಕಿನಲ್ಲಿ ಒಂದು ಬೈಟಿಗೆ ಮೂರು ಅಕ್ಷರ. ‘ರೊಟ್ಟಿ’ ಎಂಬ ಎರಡಕ್ಷರದ ಪದದಲ್ಲಿ ಆರು ಸಂಕೇತಗಳಿರುವುದರಿಂದ ಅಲ್ಲಿ ಅದು 54 ಅಕ್ಷರವಾಗುತ್ತದೆ. ಪುಟಗಳ ವಿಳಾಸವನ್ನು ಕನ್ನಡದಲ್ಲಿಟ್ಟರೂ ಇದೇ ಫಜೀತಿ. ವಾಟ್ಸಾಪಿನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಉದ್ದ ಬಾಲ ಕಾಣುತ್ತದೆ. ಅಭಿಮಾನವನ್ನು ಪುಟದ ಒಳಗಿಟ್ಟುಕೊಂಡು ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಇಡುವುದೇ ವಾಸಿ.

ವೇಗದ ಲೆಕ್ಕ ಸರಳ. ಗೂಗಲ್‌ನ ಲೈಟ್‌ಹೌಸ್ ಪರಿಕರ ಮೊಬೈಲ್ ಪರೀಕ್ಷೆಗೆ ಸೆಕೆಂಡಿಗೆ 1.6 ಮೆಗಾಬಿಟ್ ವೇಗವನ್ನು ಗೃಹೀತ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ 200 ಕಿಲೋಬೈಟ್. ಫೋನಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು ಹಾಗೇ ಏರಿಸಿದರೆ ಅದೊಂದಕ್ಕೇ 20 ಸೆಕೆಂಡ್. ಅದೇ ಫೋಟೊವನ್ನು ಫೋನಿಗೆ 800 ಪಿಕ್ಸೆಲ್, ಡೆಸ್ಕ್‌ಟಾಪಿಗೆ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ರೂಪಕ್ಕೆ ತಂದು, ಯಾವುದು ಬೇಕೋ ಅದನ್ನು ಬ್ರೌಸರ್ ಆರಿಸಿಕೊಳ್ಳುವಂತೆ ಎರಡನ್ನೂ ಕೊಟ್ಟರೆ ಫೋನಿಗೆ ಹೋಗುವುದು 100–150 ಕಿಲೋಬೈಟ್, ಒಂದು ಸೆಕೆಂಡಿನೊಳಗೆ ಮುಗಿಯಿತು. ಪ್ರತಿ ಚಿತ್ರಕ್ಕೂ ಅಗಲ ಎತ್ತರ ಬರೆದಿಡಿ. ಬರೆಯದಿದ್ದರೆ ಚಿತ್ರ ತಡವಾಗಿ ಬಂದು ಕೆಳಗಿನದನ್ನೆಲ್ಲ ನೂಕುತ್ತದೆ. ‘ಫೋನ್’ ಒತ್ತಲು ಹೋದ ಬೆರಳು ‘ಫೋಟೊ ಗ್ಯಾಲರಿ’ ಒತ್ತುತ್ತದೆ. ಕೆಳಗಿನ ಚಿತ್ರಗಳು ಜಾರಿಸಿದಾಗ ಬರಲಿ, ಆದರೆ ಮೊಟ್ಟಮೊದಲ ಚಿತ್ರಕ್ಕೆ ಆ ಲೇಜಿ ಲೋಡಿಂಗ್ ಹಚ್ಚಬಾರದು. ಸೈಟಿಗೆ ಹಚ್ಚುವ ಸಿದ್ಧ ಪ್ಲಗಿನ್‌ಗಳು ಕಣ್ಣುಮುಚ್ಚಿ ಎಲ್ಲಕ್ಕೂ ಹಚ್ಚುವುದುಂಟು, ಆಗ ಪುಟ ಚುರುಕಾಗುವ ಬದಲು ನಿಧಾನವಾಗುತ್ತದೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪುಟ ಓಗೊಡಬೇಕು, ಪುಟ ಕದಲುವ ಅಂಕ 0.1 ಮೀರಬಾರದು ಎಂಬುದು ಗೂಗಲ್ ಇಟ್ಟಿರುವ ಗೆರೆ.

ಇನ್ನು ಊಟದ ಪಟ್ಟಿ. ಜೀವ ಇರುವುದೇ ಅಲ್ಲಿ. ಅಚ್ಚು ಹಾಕಿಸಿದ ಮೆನು ಕಾರ್ಡಿನ ಪಿಡಿಎಫ್ ತಂದು ಸೈಟಿಗೆ ಹಚ್ಚಿ ಕೈತೊಳೆದುಕೊಳ್ಳುವುದು ವಾಡಿಕೆ. ಎ4 ಅಳತೆಯ ಪಿಡಿಎಫ್ ಅನ್ನು ಫೋನಿನಲ್ಲಿ ಓದುವುದೆಂದರೆ ಗೋಣಿಚೀಲದ ತೂತಿನಿಂದ ಸಂತೆ ನೋಡಿದಂತೆ. ಪಟ್ಟಿ ಪಠ್ಯವಾಗಿಯೇ ಇರಬೇಕು. ಆದರೆ ಡಿಟಿಪಿ ಅಂಗಡಿಯಿಂದ ಫೈಲ್ ತಂದು ನಕಲಿಸಿ ಅಂಟಿಸಿದರೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಟೋಪಿ ಇಟ್ಟ ಲ್ಯಾಟಿನ್ ಅಕ್ಷರಗಳ ದಂಡು ಬರುತ್ತದೆ. ಕಾರಣ, ಆ ಕಾರ್ಡು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿರುತ್ತದೆ. ಅಲ್ಲಿ ಕನ್ನಡ ಇರುವುದು ಫಾಂಟಿನ ವೇಷದಲ್ಲಿ ಮಾತ್ರ, ಒಳಗೆಲ್ಲ ಇಂಗ್ಲಿಷ್ ಸಂಕೇತ. ಪರಿವರ್ತಕ ಬಳಸಿ ಯೂನಿಕೋಡಿಗೆ ತರಬಹುದು, ಬಂದದ್ದನ್ನು ಮಾತ್ರ ಕೂತು ಓದಲೇಬೇಕು. ಮೊದಲು ಕೈಕೊಡುವುದು ಅರ್ಕಾವತ್ತು. ಆಸ್ಕಿಯಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಕ್ರಮ ತಿರುಗಿಸದ ಪರಿವರ್ತಕಕ್ಕೆ ಸಿಕ್ಕಿದರೆ ‘ಮಿರ್ಚಿ’ ಹೋಗಿ ‘ಮಿಚಿರ್’ ಆಗುತ್ತದೆ, ‘ಗಿರ್ಮಿಟ್’ ಹೋಗಿ ‘ಗಿಮಿರ್ಟ್’. ಓದುವವರು ನಕ್ಕು ಸುಮ್ಮನಾಗಬಹುದು. ಹುಡುಕುವ ಯಂತ್ರಕ್ಕೆ ಮಾತ್ರ ನಿಮ್ಮಲ್ಲಿ ಮಿರ್ಚಿ ಇರುವುದೇ ಗೊತ್ತಾಗುವುದಿಲ್ಲ.

ಇಂಗ್ಲಿಷಿಗೆಂದು ಹೊಲಿದ ಥೀಮನ್ನು ಕನ್ನಡಕ್ಕೆ ತೊಡಿಸಿದಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಇಂಗ್ಲಿಷಿಗೆ ಸಾಕು. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಬೀಳುತ್ತವೆ. ತಲೆಬರಹದ ಪೆಟ್ಟಿಗೆಗೆ ಹೊರಚೆಲ್ಲಿದ್ದನ್ನು ಮರೆಮಾಡುವ ನಿಯಮವೂ ಇದ್ದರೆ ‘ಜೋಳದ ರೊಟ್ಟಿ’ಯ ಒತ್ತು ಕತ್ತರಿಸಿಹೋಗಿ ‘ರೊಟಿ’ ಉಳಿಯುತ್ತದೆ. ಪಠ್ಯಕ್ಕೆ 1.6ರಿಂದ 1.8, ತಲೆಬರಹಕ್ಕೆ ಕಡಿಮೆ ಎಂದರೂ 1.4 ಇಡಿ. ಅಕ್ಷರಗಳ ನಡುವೆ ಎರಡು ಪಿಕ್ಸೆಲ್ ಸಂದು ಬಿಡುವ ಅಲಂಕಾರ ಇಂಗ್ಲಿಷ್ ದೊಡ್ಡಕ್ಷರಕ್ಕೆ ಚೆಂದ, ಕನ್ನಡದಲ್ಲಿ ಹಲ್ಲು ಬಿದ್ದ ಬಾಯಂತೆ ಕಾಣುತ್ತದೆ, ಸೊನ್ನೆ ಮಾಡಿ. ಫಾಂಟ್ ಇಳಿಸುವ ಗೋಜೂ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಐಫೋನಿನಲ್ಲಿ ಕನ್ನಡ ಸಂಗಮ್, ವಿಂಡೋಸ್‌ನಲ್ಲಿ ನಿರ್ಮಲಾ ಮೊದಲೇ ಇವೆ. ಹೆಸರಿನ ಫಲಕಕ್ಕೆ ಒಂದು ವಿಶೇಷ ಫಾಂಟ್ ಬೇಕೆಂದರೆ ಒಂದೇ ತೂಕದ್ದನ್ನು (ದಪ್ಪದ್ದನ್ನು) ವಾಫ್2 ಎಂಬ ಹಗುರ ಫೈಲ್ ರೂಪದಲ್ಲಿ ಇಡಿ. ಗಾತ್ರ ಇಳಿಸಲೆಂದು ಫಾಂಟನ್ನು ಕತ್ತರಿಸುವಾಗ ಅಕ್ಷರ ಕೂಡಿಸುವ ಕೋಷ್ಟಕವೂ ಕತ್ತರಿಸಿಹೋದರೆ ಒತ್ತುಗಳು ಕೂಡದೆ ‘ರೊಟ್‌ಟಿ’ ಎಂದು ಮುರಿದು ನಿಲ್ಲುತ್ತವೆ.

ಪದಾರ್ಥದ ಹೆಸರನ್ನು ಊರಿನವರು ಹೇಳುವ ಹಾಗೇ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ವಿವರಣೆ ಕೊಟ್ಟರೆ ಬೆಂಗಳೂರಿನವರಿಗೂ ತಿಳಿಯುತ್ತದೆ. ‘ಪುಂಡಿಪಲ್ಲೆ – ಹುಳಿ ಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ.’ ಯಂತ್ರಾನುವಾದಕ್ಕೆ ಒಪ್ಪಿಸಿದರೆ ‘ಶೇಂಗಾ ಹಿಂಡಿ’ ಎಂಬ ಚಟ್ನಿಪುಡಿ ದನದ ಮೇವಾದೀತು, ಅದರ ತಪ್ಪೇನಿಲ್ಲ, ಹಿಂಡಿಗೆ ಆ ಅರ್ಥವೂ ಇದೆ. ಬೆಳಗಾವಿಯ ಖಾನಾವಳಿಗೆ ಮರಾಠಿ ಪುಟವೂ ಬೇಕಾಗುತ್ತದೆ. ಅಲ್ಲಿ ರೊಟ್ಟಿ ‘ಭಾಕರಿ’, ಅದನ್ನು ಮರಾಠಿ ಮಾತಾಡುವವರಿಂದಲೇ ಬರೆಸಿ, ಪುಟಕ್ಕೆ ಮರಾಠಿಯ ಭಾಷಾ ಗುರುತನ್ನೂ ಹಾಕಿಸಿ. ಕನ್ನಡ ಪುಟಕ್ಕೆ ಇಂಗ್ಲಿಷ್ ಗುರುತೇ ಉಳಿದಿದ್ದರೆ ಓದಿ ಹೇಳುವ ತಂತ್ರಾಂಶ ತೊದಲುತ್ತದೆ. ಶೇಂಗಾ ಬಳಸಿದ ಪದಾರ್ಥಕ್ಕೊಂದು ಗುರುತಿರಲಿ. ನಮ್ಮಲ್ಲಿ ಶೇಂಗಾ ಪುಡಿ ಬೀಳದ ಪಲ್ಲೆ ಹುಡುಕಬೇಕು, ಶೇಂಗಾ ಒಗ್ಗದವರಿಗೆ ಅದು ಜೀವದ ಪ್ರಶ್ನೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಇಲ್ಲದ ಊಟ ಮಾಡಿಕೊಡುವುದಾದರೆ ಅದನ್ನೂ ಬರೆಯಿರಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಲ್ಲಿ ಜೈನ ಗಿರಾಕಿಗಳಿದ್ದಾರೆ.

‘ಊಟ’ ಎಂದಷ್ಟೇ ಬರೆದು ದರ ಹಾಕಿದರೆ ಗಲ್ಲಾದ ಮುಂದೆ ಜಗಳ ಗ್ಯಾರಂಟಿ. ಎಷ್ಟು ರೊಟ್ಟಿ, ಎಷ್ಟು ಪಲ್ಲೆ, ಹೆಚ್ಚಿನ ರೊಟ್ಟಿಗೆ ಏನು ದರ, ಅನ್ನ ಸಾರು ಸೇರಿದೆಯೋ, ಮೊಸರು ಬೇರೆಯೋ, ಎಲ್ಲವೂ ಅದೇ ಸಾಲಿನ ಕೆಳಗಿರಲಿ.

ಸೈಟಿನಲ್ಲಿ ಒಂದು ದರ, ಗೋಡೆಯ ಮೇಲೆ ಇನ್ನೊಂದು ಆಗುವುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ದರವನ್ನು ಮೂರು ನಾಲ್ಕು ಕಡೆ ಬರೆದಿರುತ್ತಾರೆ: ಮುಖಪುಟ, ಪಟ್ಟಿ, ಇಂಗ್ಲಿಷ್ ಪುಟ, ಪಿಡಿಎಫ್. ತಿದ್ದುವಾಗ ಎರಡು ಉಳಿದುಹೋಗುತ್ತವೆ. ಎಲ್ಲ ದರವನ್ನೂ ಒಂದೇ ಗೂಗಲ್ ಶೀಟಿನಲ್ಲಿಟ್ಟು, ಸೈಟಿನ ಪುಟಗಳೆಲ್ಲ ಅದರಿಂದಲೇ ತಯಾರಾಗುವಂತೆ ಮಾಡಿದರೆ ಗಲ್ಲಾದ ಮೇಲೆ ಕೂತವರೇ ಫೋನಿನಿಂದ ತಿದ್ದಬಹುದು. ಒಂದು ಎಚ್ಚರ: ಗಿರಾಕಿ ಪುಟ ತೆರೆದಾಗ ಅವನ ಬ್ರೌಸರೇ ಶೀಟಿಗೆ ಹೋಗಿ ದರ ತರುವ ಹಾಗೆ ಮಾಡಬೇಡಿ. ನೆಟ್‌ವರ್ಕ್ ಕುಂಟಿದರೆ ಪಟ್ಟಿ ಇರಬೇಕಾದಲ್ಲಿ ಸುತ್ತುವ ಚಕ್ರ ಮಾತ್ರ ಕಾಣುತ್ತದೆ. ಶೀಟ್ ಬದಲಾದಾಗ ಸರ್ವರಿನಲ್ಲೇ ಪುಟ ಮತ್ತೆ ತಯಾರಾಗಲಿ. ತಿದ್ದಿದ ಮೇಲೂ ಹಳೆಯ ದರವೇ ಕಂಡರೆ ಅದು ಪುಟದ ಹಳೆಯ ಪ್ರತಿಯನ್ನು ಕೂಡಿಟ್ಟು ತೋರಿಸುವ ಕ್ಯಾಶ್‌ನ (cache) ಕೆಲಸ. ಪುಟಕ್ಕೆ ಐದು ಹತ್ತು ನಿಮಿಷದ ಆಯುಷ್ಯ ಕೊಡಿ. ಚಿತ್ರಗಳಿಗೆ ವರ್ಷ ಕೊಟ್ಟರೂ ಚಿಂತೆಯಿಲ್ಲ, ಬದಲಿಸಿದಾಗ ಫೈಲಿನ ಹೆಸರು ಬದಲಾದರಾಯಿತು.

‘ಎಲ್ಲಿ ಬರ್ತೈತಿ’ ಎಂಬುದಕ್ಕೆ ವಿಜಯಪುರದಲ್ಲಿ ಉತ್ತರ ಕೊಡುವುದು ಸ್ವಲ್ಪ ತೊಡಕಿನದು. ಬಿಜಾಪುರ ಎಂಬ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಬೆಳಗಾವಿಯ ಇಂಗ್ಲಿಷ್ ಹೆಸರೂ ಅದೇ ದಿನ ಬದಲಾಯಿತು. ಹಳೆಯ ಹೆಸರಿನಲ್ಲೇ ಹುಡುಕುವವರು ಇನ್ನೂ ಇದ್ದಾರೆ. ಬಿಜಾಪುರ ಎಂದರೆ ಛತ್ತೀಸಗಡದಲ್ಲೂ ಒಂದು ಜಿಲ್ಲೆ ಇದೆ, ವಿಜಯಪುರ ಎಂದರೆ ದೇವನಹಳ್ಳಿಯ ಪಕ್ಕ ಒಂದು ಊರಿದೆ. ಹಾಗಾಗಿ ಪುಟದ ಶೀರ್ಷಿಕೆಯಲ್ಲಿ ಹೊಸ ಹೆಸರು, ಜೊತೆಗೆ ಕರ್ನಾಟಕ. ವಿಳಾಸದ ಸಾಲಿನಲ್ಲಿ ಒಮ್ಮೆ ಹಳೆಯ ಹೆಸರು ಮತ್ತು ಪಿನ್‌ಕೋಡ್. ಒಮ್ಮೆ ಸಾಕು, ಹತ್ತು ಸಲ ತುರುಕಿದರೆ ಓದುವವರಿಗೂ ಹಿಂಸೆ, ಗೂಗಲಿಗೂ ಅನುಮಾನ. ಅಕ್ಷಾಂಶ ರೇಖಾಂಶ ಕೊಡುವಾಗ ದಶಮಾಂಶದ ನಂತರ ಐದು ಅಂಕೆ ಇರಲಿ, ಒಂದು ಮೀಟರಿನಷ್ಟು ನಿಖರ. ಮೂರೇ ಅಂಕೆ ಇಟ್ಟರೆ ನೂರು ಮೀಟರ್ ಆಚೀಚೆಯಾಗಿ ಗಿರಾಕಿ ಎದುರಿನ ಓಣಿಯಲ್ಲಿ ನಿಂತಿರುತ್ತಾನೆ. ನಕ್ಷೆಯನ್ನು ಪುಟದೊಳಗೆ ತಂದು ಕೂರಿಸುವುದು ಭಾರ. ಒಂದು ಸಣ್ಣ ಚಿತ್ರ, ಒತ್ತಿದರೆ ನಕ್ಷೆಯ ಆ್ಯಪ್ ತೆರೆಯುವ ಲಿಂಕ್ ಸಾಕು. ಟೆಂಪೊ ಟ್ರಾವೆಲರ್ ನಿಲ್ಲಿಸಲು ಜಾಗ ಇದ್ದರೆ ಅದನ್ನು ದೊಡ್ಡದಾಗಿ ಬರೆಯಿರಿ; ಬಾದಾಮಿ, ಪಟ್ಟದಕಲ್ಲು ಸುತ್ತಿ ಬರುವ ಚಾಲಕರು ಮೊದಲು ಕೇಳುವುದು ಅದನ್ನೇ. ಬೇಸಿಗೆಯ ಬಿಸಿಲಿನಲ್ಲಿ ಹಿಡಿದ ಪರದೆಯ ಮೇಲೆ ತಿಳಿಬೂದು ಅಕ್ಷರ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5ಕ್ಕೆ 1 ಎಂಬ ನಿಯಮವಿದೆ, ನಮ್ಮ ಕಡೆ ಅದಕ್ಕೂ ಮೇಲೆ ಇಟ್ಟರೆ ಕ್ಷೇಮ.

ಈಗ ಕಂಪ್ಯೂಟರ್ ಮುಂದಿನ ಗುಮಾಸ್ತರ ಕಡೆ. ಫೋನಿನ ಪುಟವನ್ನೇ 1920 ಪಿಕ್ಸೆಲ್ ಅಗಲಕ್ಕೆ ಎಳೆದರೆ ಪದಾರ್ಥದ ಹೆಸರು ಎಡ ಅಂಚಿನಲ್ಲಿ, ದರ ಬಲ ಅಂಚಿನಲ್ಲಿ, ನಡುವೆ ಕ್ರಿಕೆಟ್ ಮೈದಾನ. ಪುಟದ ಅಗಲವನ್ನು 1100–1200ಕ್ಕೆ ನಿಲ್ಲಿಸಿ, ಎಡಕ್ಕೆ ಪಟ್ಟಿ, ಬಲಕ್ಕೆ ಕದಲದೆ ನಿಲ್ಲುವ ಆರ್ಡರ್ ಪೆಟ್ಟಿಗೆ ಇಡಿ. 25, 50, 100 ಜನರ ಊಟಕ್ಕೆ ದರದ ಟೇಬಲ್, ಎಷ್ಟು ದಿನ ಮೊದಲು ಹೇಳಬೇಕು, ಮುಂಗಡ ಎಷ್ಟು, ಬಡಿಸುವವರು ಬರುತ್ತಾರೆಯೇ, ಶೇಂಗಾ ಹೋಳಿಗೆ, ಮಾದಲಿ ಸೇರಿಸಿದರೆ ಎಷ್ಟಾಗುತ್ತದೆ ಎಂಬ ವಿವರವೆಲ್ಲ ಅಲ್ಲಿರಲಿ. ಹದಿನಾಲ್ಕು ಅಂಕೆಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರೂ ಇರಲಿ, ಕಚೇರಿಯವರು ಅದನ್ನು ನೋಡಿಯೇ ಸಹಿ ಮಾಡುವುದು. ಪ್ರಿಂಟಿಗೆ ಪ್ರತ್ಯೇಕ ಸ್ಟೈಲ್ ಬರೆದು ಚಿತ್ರ, ಬಟನ್, ಬಣ್ಣದ ಹಿನ್ನೆಲೆ ತೆಗೆದುಹಾಕಿದರೆ ದರಪಟ್ಟಿ ಒಂದೇ ಎ4 ಹಾಳೆಯಲ್ಲಿ ಬರುತ್ತದೆ. ಹತ್ತಿಪ್ಪತ್ತು ಸಾಲಿನ ಕೆಲಸ, ಯಾರೂ ಮಾಡುವುದಿಲ್ಲ.

ಈ ದೊಡ್ಡ ಆರ್ಡರಿನ ವಿವರ ಫೋನಿನಲ್ಲಿ ಬೇಡವೆಂದು ಮೊಬೈಲ್ ಪುಟದಿಂದ ಪೂರ್ತಿ ತೆಗೆಯುವವರಿದ್ದಾರೆ. ಅಲ್ಲೇ ಪೆಟ್ಟು ಬೀಳುವುದು. ಗೂಗಲ್ ಈಗ ಸೈಟ್‌ಗಳನ್ನು ಓದುವುದು ಫೋನಿನ ಕಣ್ಣಿನಿಂದ. ಆ ಬದಲಾವಣೆ ಮುಗಿದಿದೆ ಎಂದು 2023ರಲ್ಲೇ ಸಾರಿದೆ. ಮೊಬೈಲ್ ಪುಟದಲ್ಲಿ ಇಲ್ಲದ್ದು ಗೂಗಲ್ ಪಾಲಿಗೆ ಇಲ್ಲವೇ ಇಲ್ಲ, ಆ ಗುಮಾಸ್ತರು ಡೆಸ್ಕ್‌ಟಾಪಿನಲ್ಲಿ ಹುಡುಕಿದರೂ ನೀವು ಸಿಗುವುದಿಲ್ಲ. ತೆಗೆಯಬೇಡಿ, ಮಡಿಸಿಡಿ: ಒತ್ತಿದರೆ ಬಿಚ್ಚಿಕೊಳ್ಳುವ ಒಂದು ಸಾಲು. ತದ್ವಿರುದ್ಧದ ತಪ್ಪೂ ಉಂಟು. ಮೌಸ್ ಮೇಲೆ ತಂದರೆ ಮಾತ್ರ ತೆರೆಯುವ ಮೆನು ಡೆಸ್ಕ್‌ಟಾಪಿನಲ್ಲಿ ಸೊಗಸು, ಬೆರಳಿಗೆ ಸರಿಯಾಗಿ ಸಿಗುವುದೇ ಇಲ್ಲ.

ಆರ್ಡರ್ ಫಾರ್ಮಿನಲ್ಲಿ ಹೆಸರು, ಮೊಬೈಲ್, ದಿನಾಂಕ, ಹೊತ್ತು, ಎಷ್ಟು ಜನ, ಶಾಕಾಹಾರವೋ ಮಾಂಸಾಹಾರವೋ ಇಷ್ಟು ಸಾಕು. ಜನ್ಮದಿನಾಂಕ ಕೇಳುವುದು ಯಾವ ಪುರುಷಾರ್ಥಕ್ಕೆ? ಅಕ್ಷರದ ಗಾತ್ರ 16 ಪಿಕ್ಸೆಲಿಗಿಂತ ಚಿಕ್ಕದಿದ್ದರೆ ಐಫೋನಿನಲ್ಲಿ ಪೆಟ್ಟಿಗೆ ಮುಟ್ಟಿದ ಕೂಡಲೇ ಪುಟ ತಾನೇ ಹಿಗ್ಗಿ ವಕ್ರವಾಗಿ ನಿಲ್ಲುತ್ತದೆ. ಮೊಬೈಲ್ ನಂಬರಿನ ಪೆಟ್ಟಿಗೆಗೆ ಟೆಲ್ ಎಂದು ಹಾಕಿದರೆ ಅಂಕೆಗಳ ಕೀಲಿಮಣೆ ಬರುತ್ತದೆ. ಫಾರ್ಮ್ ತುಂಬಿದರೂ ಇಮೇಲ್ ಬರಲಿಲ್ಲ ಎಂಬ ದೂರಿನ ಬುಡ ಸಾಮಾನ್ಯವಾಗಿ ಒಂದೇ: ಸರ್ವರ್ ಆ ಪತ್ರವನ್ನು ಗಿರಾಕಿಯ ವಿಳಾಸದಿಂದಲೇ ಬಂದಂತೆ ಕಳಿಸುತ್ತದೆ. ಆ ವಿಳಾಸದ ಪರವಾಗಿ ಕಳಿಸುವ ಅಧಿಕಾರ ನಿಮ್ಮ ಸರ್ವರಿಗಿಲ್ಲ, ಸುಳ್ಳುಪತ್ರವೆಂದು ಅದು ಸ್ಪ್ಯಾಮಿಗೆ ಬೀಳುತ್ತದೆ. ಕಳಿಸುವ ವಿಳಾಸ ನಿಮ್ಮ ಡೊಮೇನಿನದೇ (ಸೈಟಿನ ಹೆಸರಿನದೇ) ಇರಲಿ, ಉತ್ತರ ಹೋಗಬೇಕಾದ ವಿಳಾಸ ಮಾತ್ರ ಗಿರಾಕಿಯದಿರಲಿ. ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನು ಡೊಮೇನಿಗೆ ಹಾಕಿಸಿ. ಇಷ್ಟಾದರೂ ಗಲ್ಲಾದಲ್ಲಿ ಕೂತು ಇಮೇಲ್ ನೋಡುವವರು ಯಾರು? ವಾಟ್ಸಾಪಿಗೋ ಎಸ್‌ಎಂಎಸ್‌ಗೋ ಒಂದು ಸುದ್ದಿ ಹೋಗಲೇಬೇಕು.

ಡೊಮೇನ್ ಸಾವಕಾರರ ಹೆಸರಿನಲ್ಲಿ, ಸಾವಕಾರರ ಇಮೇಲಿನಲ್ಲೇ ನೋಂದಣಿಯಾಗಿರಲಿ. ಸೈಟ್ ಮಾಡಿದ ಹುಡುಗ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ನವೀಕರಣದ ಪತ್ರ ಅವನ ಹಳೆಯ ಇಮೇಲಿಗೆ ಹೋಗಿ ಕೂರುತ್ತದೆ.

ಕೊನೆಗೆ ಮೊದಲನೆಯ ಪ್ರಶ್ನೆ, ‘ಈಗ ಊಟ ಐತೇನು’. ಖಾನಾವಳಿ ಬೆಳಗಿನಿಂದ ರಾತ್ರಿಯ ತನಕ ಒಂದೇ ಸಮ ತೆರೆದಿರುವುದಿಲ್ಲ, 12ರಿಂದ 3.30, ಮತ್ತೆ 7.30ರಿಂದ 10.30 ಇದ್ದರೆ ಪುಟದಲ್ಲೂ, ಹುಡುಕುವ ಯಂತ್ರಕ್ಕೆಂದು ಒಳಗೆ ಬರೆಯುವ ಸ್ಕೀಮಾದಲ್ಲೂ, ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲೂ ಎರಡು ಪಾಳಿಯಾಗಿಯೇ ಬರೆಯಬೇಕು. ‘12ರಿಂದ 10.30’ ಎಂದು ಒಂದೇ ಪಟ್ಟಿಯಲ್ಲಿ ಹಾಕಿದರೆ ಐದು ಗಂಟೆಗೆ ಬಂದವನು ಮುಚ್ಚಿದ ಬಾಗಿಲು ನೋಡಿ ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ. ಶ್ರಾವಣದಲ್ಲಿ ಮಾಂಸದೂಟ ನಿಲ್ಲಿಸುವವರು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ರಾತ್ರಿ ಹೊತ್ತು ಹೆಚ್ಚಿಸುವವರು, ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಹೊರಗಿನ ಆರ್ಡರ್ ಬಿಟ್ಟುಬಿಡುವವರು ಪ್ರೊಫೈಲಿನ ವಿಶೇಷ ಸಮಯದಲ್ಲಿ ಮುಂಚಿತವಾಗಿಯೇ ತುಂಬಿಡಬಹುದು.

ಸಮಯ ಸರಿಯಿದ್ದರೂ ರೊಟ್ಟಿ ಮುಗಿದಿರಬಹುದಲ್ಲ? ಅದಕ್ಕೆ ದರದ ಶೀಟಿನಲ್ಲೇ ಇನ್ನೊಂದು ಕೋಶ ಬಿಡಿ. ಗಲ್ಲಾದವರು ಅದರಲ್ಲಿ ‘ಇಲ್ಲ’ ಎಂದು ಬರೆದರೆ ಫೋನಿನ ಮೊದಲ ಪರದೆಯ ಮೇಲೆ “ಇವತ್ತ ರೊಟ್ಟಿ ಮುಗದಾವ್ರಿ, ಚಪಾತಿ ಅದಾವು” ಎಂಬ ಸಾಲು ಬರಲಿ. ಆ ಕೋಶ ಬೆಳಗಿನ ಐದಕ್ಕೆ ತಾನಾಗಿ ಖಾಲಿಯಾಗುವಂತೆ ಶೀಟಿನ ಸ್ಕ್ರಿಪ್ಟಿಗೊಂದು ಟೈಮರ್ ಹಾಕಿಡಿ. ಮುಗಿದಾಗ ಬರೆಯಲು ನೆನಪಾಗುತ್ತದೆ, ಮರುದಿನ ಹಿಟ್ಟು ನಾದುವ ಗಡಿಬಿಡಿಯಲ್ಲಿ ಅಳಿಸಲು ಯಾರಿಗೂ ನೆನಪಾಗುವುದಿಲ್ಲ.